ಕೊಟ್ಟವರ ಕ್ಷೇಮ: ಜೀವಂತ ಅಂಗದಾನಿಗಳ ಆರೋಗ್ಯವನ್ನು ಕುರಿತು



ದಾನದ ಹಿರಿಮೆಯನ್ನು ನಮ್ಮ ಪುರಾಣೇತಿಹಾಸಗಳು ಎಷ್ಟು ಉದಾರವಾಗಿ ಕೊಂಡಾಡಿವೆಯೋ, ದಾನ ಮಾಡಿದವನ ಮುಂದಿನ ಬಾಳನ್ನು ಕುರಿತು ಅಷ್ಟೇ ಮಿತಭಾಷಿಗಳಾಗಿವೆ. ದಧೀಚಿ ಮಹರ್ಷಿಯು ತನ್ನ ಅಸ್ಥಿಗಳನ್ನು ದೇವತೆಗಳಿಗೆ ಒಪ್ಪಿಸಿ ದೇಹವನ್ನೇ ತ್ಯಜಿಸಿದನಾದುದರಿಂದ ಅವನ ಅನಂತರದ ಆರೋಗ್ಯದ ಪ್ರಶ್ನೆಯೇ ಏಳುವುದಿಲ್ಲ. ಶಿಬಿ ಚಕ್ರವರ್ತಿಯು ತನ್ನ ಮಾಂಸವನ್ನು ಕೊಯ್ದು ತಕ್ಕಡಿಗಿಟ್ಟನಾದರೂ ದೇವತೆಗಳು ಪ್ರತ್ಯಕ್ಷರಾಗಿ ಅವನ ಮೈಯನ್ನು ಮೊದಲಿನಂತೆ ಮಾಡಿಕೊಟ್ಟರು. ಮೈಗೂಡಿ ಹುಟ್ಟಿದ್ದ ಕವಚಕುಂಡಲಗಳನ್ನು ಕತ್ತರಿಸಿ ಕೊಟ್ಟ ಮೇಲೆಯೂ ಬಹುಕಾಲ ಬದುಕಿದ್ದು, ಆ ಕೊರತೆಯನ್ನು ಹೊತ್ತುಕೊಂಡೇ ರಣಾಂಗಣಕ್ಕೆ ನಡೆದವನು ಕರ್ಣನೊಬ್ಬನೇ. ಕೊಟ್ಟವನಿಗೆ ಆಮೇಲೆ ಏನಾಯಿತೆಂಬುದನ್ನು ಕೊನೆಯವರೆಗೂ ಹಿಂಬಾಲಿಸಿ ಹೇಳಿದ ಕಥೆಯೆಂದರೆ ಅವನದೇ ಎನ್ನಬೇಕು.

ಇಂದಿನ ಉಪನ್ಯಾಸದ ವಿಷಯವೂ ಅದೇ ಪ್ರಶ್ನೆ. ಬದುಕಿರುವಾಗಲೇ ತನ್ನ ಒಂದು ಮೂತ್ರಪಿಂಡವನ್ನೋ ಯಕೃತ್ತಿನ ಒಂದು ಭಾಗವನ್ನೋ ಮತ್ತೊಬ್ಬರಿಗೆ ಕೊಟ್ಟು, ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಮರಳಿದ ವ್ಯಕ್ತಿಯ ದೇಹಸ್ಥಿತಿಯು ಹತ್ತು ವರ್ಷಗಳ ಮೇಲೆ, ಇಪ್ಪತ್ತು ವರ್ಷಗಳ ಮೇಲೆ ಹೇಗಿರುತ್ತದೆ, ಅವನ ದುಡಿಮೆ, ಸಂಸಾರ, ಮನಸ್ಸಿನ ನೆಮ್ಮದಿ ಇವು ಯಾವ ರೀತಿ ನಡೆಯುತ್ತವೆ, ಅವನ್ನು ವಿಚಾರಿಸತಕ್ಕ ಹೊಣೆ ಯಾರದು ಎಂಬುದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ನಾನು ತಿಳಿಯುವುದಿಲ್ಲ. ಭಾರತದಲ್ಲಿ 2023ನೆಯ ಇಸವಿಯೊಂದರಲ್ಲಿಯೇ 18,000ಕ್ಕೂ ಮಿಕ್ಕಿ ಅಂಗಕಸಿಗಳು ನಡೆದುವು. ಅವುಗಳಲ್ಲಿ 15,000ಕ್ಕೂ ಹೆಚ್ಚಿನವು ಜೀವಂತ ದಾನಿಗಳ ಅಂಗಗಳಿಂದ ಆದವು. ಮರಣಾನಂತರ ಅಂಗಗಳನ್ನು ಕೊಟ್ಟವರು ಸುಮಾರು 1,100 ಮಂದಿ. ಪಾಶ್ಚಾತ್ಯ ದೇಶಗಳಲ್ಲಿ ಮೃತರ ಅಂಗಗಳು ಹೊರುವ ಭಾರದ ಬಹುಪಾಲನ್ನು ನಮ್ಮಲ್ಲಿ ತಾಯಂದಿರೂ ಹೆಂಡಂದಿರೂ ಅಣ್ಣತಮ್ಮಂದಿರೂ ಹೊರುತ್ತಿದ್ದಾರೆ. ರೋಗವೇನೂ ಇಲ್ಲದೆ, ಆರೋಗ್ಯವಂತರಾಗಿ ಆಸ್ಪತ್ರೆಗೆ ನಡೆದುಬಂದವರ ಮೇಲೆ ನಿಂತಿರುವ ಒಂದು ವೈದ್ಯಶಾಖೆಯು ಅವರ ಲೆಕ್ಕವನ್ನು ಹೇಗೆ ಇಟ್ಟಿದೆಯೆಂದು ಕೇಳುವುದು ಅನುಚಿತವಾಗಲಾರದು.

ಈ ಪ್ರಶ್ನೆಯನ್ನು ಯಶಸ್ವಿಯಾದ ಮೊದಲ ಕಸಿಯ ದಾನಿಯೇ ಕೇಳಿದ್ದನು. ಯಶಸ್ವಿಯಾದ ಮೊದಲ ಮೂತ್ರಪಿಂಡದ ಕಸಿಯು ನಡೆದುದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ. ಕೊಟ್ಟವನು ರೊನಾಲ್ಡ್ ಹೆರಿಕ್. ಪಡೆದವನು ಅವನ ಅವಳಿ ಸೋದರ ರಿಚರ್ಡ್. ಕಸಿಯ ನೇತೃತ್ವ ವಹಿಸಿದ ಡಾಕ್ಟರ್ ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ರೋಗಿಯ ಹಿತಕ್ಕಾಗಿಯೇ ಕತ್ತಿಯನ್ನು ಹಿಡಿಯತಕ್ಕದ್ದೆಂಬ ವ್ರತವುಳ್ಳ ಶಸ್ತ್ರವೈದ್ಯರು, ತನಗೆ ಕಿಂಚಿತ್ತೂ ದೈಹಿಕ ಪ್ರಯೋಜನವಿಲ್ಲದ ಶಸ್ತ್ರಚಿಕಿತ್ಸೆಗೆ ಒಬ್ಬ ಆರೋಗ್ಯವಂತನನ್ನು ಒಡ್ಡಬಹುದೇ ಎಂದು ಇತರ ವೈದ್ಯರನ್ನೂ ಧರ್ಮಗುರುಗಳನ್ನೂ ನ್ಯಾಯಜ್ಞರನ್ನೂ ಕೇಳಿ, ಆಮೇಲೆ ಮುಂದುವರಿದರು. ಶಸ್ತ್ರಚಿಕಿತ್ಸೆಗೆ ಮುನ್ನ ನಡೆದ ಕಡೆಯ ಸಮಾಲೋಚನೆಯನ್ನು ಮರ್ರೆಯವರೇ ನೊಬೆಲ್ ಭಾಷಣದಲ್ಲಿ ಸ್ಮರಿಸಿಕೊಂಡಿದ್ದಾರೆ. ಮೂತ್ರಪಿಂಡವನ್ನು ಕೊಟ್ಟರೆ ಜೀವಮಾನವೆಲ್ಲ ತನ್ನ ಆರೋಗ್ಯದ ಹೊಣೆಯನ್ನು ಆಸ್ಪತ್ರೆಯು ಹೊರುವುದೇ ಎಂದು ರೊನಾಲ್ಡ್ ಕೇಳಿದನಂತೆ. ಅವನ ಶಸ್ತ್ರವೈದ್ಯರಾಗಿದ್ದ ಡಾಕ್ಟರ್ ಹ್ಯಾರಿಸನ್, ಹಾಗೇನೂ ಇಲ್ಲವೆಂದು ನೇರವಾಗಿ ಹೇಳಿ, ಒಡನೆಯೇ, ನಿನಗೆ ನೆರವು ಬೇಕಾದ ದಿನ ಈ ಕೋಣೆಯಲ್ಲಿರುವವರಲ್ಲಿ ಯಾರಾದರೂ ನಿನ್ನನ್ನು ನೋಡಿಕೊಳ್ಳಲಾರೆವೆಂದಾರೆಂದು ನಿನಗೆ ಅನ್ನಿಸುತ್ತದೆಯೇ ಎಂದು ಮರುಪ್ರಶ್ನೆ ಹಾಕಿದರಂತೆ. ದಾನಿಯು ಅರೆಗಳಿಗೆ ಸುಮ್ಮನಿದ್ದು, ತನಗೆ ದೊರಕಿರುವ ಆಶ್ವಾಸನೆಯು ಕಾಗದದ್ದಲ್ಲ, ವೈದ್ಯರ ಕರ್ತವ್ಯಬುದ್ಧಿಯದೆಂದು ಅರ್ಥಮಾಡಿಕೊಂಡನು. ರಿಚರ್ಡ್ ಎಂಟು ವರ್ಷಗಳ ಕಾಲ ಬಾಳಿದನು; ರೊನಾಲ್ಡ್ 2010ರ ಡಿಸೆಂಬರಿನವರೆಗೆ ಬದುಕಿದ್ದು ತನ್ನ 79ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹ್ಯಾರಿಸನ್ನರ ಉತ್ತರದ ಸೌಜನ್ಯವನ್ನು ಮೆಚ್ಚದಿರುವುದು ಸಾಧ್ಯವಿಲ್ಲ. ಆದರೆ ಆ ಕೋಣೆಯಲ್ಲಿದ್ದವರು ಕೆಲವೇ ಮಂದಿ. ಎಲ್ಲರೂ ದಾನಿಯ ಮುಖಪರಿಚಯವಿದ್ದವರು. ಜಗತ್ತೇ ಕಣ್ಣಿಟ್ಟಿದ್ದ ಕಾರ್ಯದಲ್ಲಿ ತೊಡಗಿದ್ದವರು. ವರ್ಷಕ್ಕೆ ಹದಿನೈದು ಸಾವಿರ ಮಂದಿ ದಾನಿಗಳಾಗುವ ದೇಶದಲ್ಲಿ, ಶಸ್ತ್ರವೈದ್ಯರು ಊರಿಂದೂರಿಗೆ ಹೋಗುವ, ಆಸ್ಪತ್ರೆಗಳು ಕೈಯಿಂದ ಕೈಗೆ ಮಾರಾಟವಾಗುವ ಕಾಲದಲ್ಲಿ, ಅಂತಹ ಕೋಣೆಯನ್ನು ಎಲ್ಲಿ ಹುಡುಕುವುದು? ಸೌಜನ್ಯಕ್ಕೆ ವಹಿಸಿದ ಹೊಣೆಯನ್ನು ವ್ಯವಸ್ಥೆಗೆ ವಹಿಸಬೇಕಾದ ಕಾಲ ಬಂದು ಬಹಳ ದಿನಗಳಾದುವೆಂಬುದೇ ನನ್ನ ಈ ಉಪನ್ಯಾಸದ ಪ್ರತಿಪಾದ್ಯ. ಅದಕ್ಕೆ ಮೊದಲು, ಹೊಣೆ ಹೊರತಕ್ಕಷ್ಟು ಅಪಾಯವೇನಾದರೂ ಇದೆಯೇ ಎಂಬುದನ್ನು ನೋಡಬೇಕಷ್ಟೆ.

ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ತೆಗೆದರೆ ಶಕ್ತಿಯಲ್ಲಿ ಅರ್ಧ ಹೋಗುವುದೆಂದು ಸಾಮಾನ್ಯರು ಭಾವಿಸುವುದು ಸಹಜ. ಪ್ರಕೃತಿಯ ಗಣಿತ ಬೇರೆ. ಉಳಿದ ಮೂತ್ರಪಿಂಡವು ಕೆಲವು ವಾರಗಳೊಳಗೆ ತುಸು ದೊಡ್ಡದಾಗಿ, ತನ್ನ ಶೋಧನಕಾರ್ಯವನ್ನು ಹೆಚ್ಚಿಸಿಕೊಂಡು, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ನೂರಕ್ಕೆ ಎಪ್ಪತ್ತರಷ್ಟನ್ನು ಒಂದೇ ಮಾಡತೊಡಗುತ್ತದೆ. ಆದ್ದರಿಂದ ದಾನಿಯ ದಿನಚರಿಗೆ ಕುಂದು ಬರುವುದಿಲ್ಲ. ಹೊಲದ ಕೆಲಸಕ್ಕಾಗಲಿ ಕಚೇರಿಯ ಕೆಲಸಕ್ಕಾಗಲಿ ಕೆಲವು ವಾರಗಳ ವಿಶ್ರಾಂತಿಯ ಮೇಲೆ ಮರಳಬಹುದು. 1995ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ದಾನಿಯ ಮೂತ್ರಪಿಂಡವನ್ನು ಲ್ಯಾಪರೋಸ್ಕೋಪಿನ ನೆರವಿನಿಂದ ಸಣ್ಣ ರಂಧ್ರಗಳ ಮೂಲಕ ಬಿಡಿಸಿ ತೆಗೆಯುವ ವಿಧಾನ ಆರಂಭವಾದ ಮೇಲೆ, ಪಕ್ಕೆಯುದ್ದಕ್ಕೂ ಕೊಯ್ಯುತ್ತಿದ್ದ ಹಿಂದಿನ ಕಾಲದ ಯಾತನೆಯೂ ತಗ್ಗಿತು. ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳೊಳಗಿನ ಮರಣವು ಅಮೆರಿಕದ ದಾಖಲೆಗಳಲ್ಲಿ 1994ರಿಂದ 2009ರವರೆಗೆ ಹತ್ತು ಸಾವಿರ ದಾನಿಗಳಿಗೆ ಸುಮಾರು ಮೂರರಷ್ಟಿದ್ದುದು, 2013ರಿಂದ 2022ರವರೆಗಿನ ಅವಧಿಯಲ್ಲಿ ಒಂದಕ್ಕಿಂತಲೂ ಕೆಳಗಿಳಿದಿದೆ. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಇಷ್ಟು ನಿರಪಾಯಕರವಾದವು ಹೆಚ್ಚಿಲ್ಲ.

ಹಾಗಾದರೆ ದೀರ್ಘಕಾಲದ ಕಥೆಯೇನು? ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಉತ್ತರವು, ದಾನಿಯನ್ನು ಯಾರೊಡನೆ ಹೋಲಿಸುತ್ತೇವೆಂಬುದರ ಮೇಲೆ ನಿಂತಿದೆ. ಮಿನೆಸೋಟ ವಿಶ್ವವಿದ್ಯಾಲಯದವರು 1963ರಿಂದ 2007ರವರೆಗೆ ಅಲ್ಲಿ ಮೂತ್ರಪಿಂಡವನ್ನು ಕೊಟ್ಟಿದ್ದ 3,698 ಮಂದಿಯನ್ನು ಹುಡುಕಿ ವಿಚಾರಿಸಿ, 2009ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು: ದಾನಿಗಳ ಆಯುಷ್ಯ ಸಾಮಾನ್ಯ ಜನರ ಆಯುಷ್ಯಕ್ಕಿಂತ ಕಡಮೆಯಲ್ಲ, ಮೂತ್ರಪಿಂಡವು ಸಂಪೂರ್ಣವಾಗಿ ವಿಫಲವಾಗುವ ಪ್ರಮಾಣವೂ ಸಾಮಾನ್ಯರಿಗಿಂತ ಹೆಚ್ಚಲ್ಲ, ಜೀವನದ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಅವರು ಇತರರಿಗಿಂತ ಒಂದು ಕೈ ಮೇಲೆಯೇ ಇದ್ದಾರೆ. ಅನೇಕ ವರ್ಷಗಳ ಕಾಲ ಆಸ್ಪತ್ರೆಗಳು ದಾನಿಯ ಕುಟುಂಬಕ್ಕೆ ಧೈರ್ಯ ಹೇಳುತ್ತಿದ್ದುದು ಇಂತಹ ನಿರ್ಣಯಗಳ ಬಲದಿಂದಲೇ.

ಆದರೆ ದಾನಿಯು ಸಾಮಾನ್ಯ ವ್ಯಕ್ತಿಯೇ? ರಕ್ತದೊತ್ತಡವಿಲ್ಲ, ಸಕ್ಕರೆಕಾಯಿಲೆಯಿಲ್ಲ, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಹೃದಯ ಗಟ್ಟಿಯಾಗಿದೆ, ಮನಸ್ಸು ಸ್ವಸ್ಥವಾಗಿದೆ ಎಂದು ಹತ್ತು ಬಗೆಯ ಪರೀಕ್ಷೆಗಳಿಂದ ಸಿದ್ಧವಾದ ಮೇಲೆಯೇ ಅವನನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುತ್ತಾರೆ. ಕೇರಿ ಆರಿಸಿದ ಬಿತ್ತನೆಯ ಕಾಳನ್ನು ಕಣದಲ್ಲಿ ಬಿದ್ದಿರುವ ರಾಶಿಯೊಡನೆ ಹೋಲಿಸಿ, ಕಾಳಿಗೇನೂ ಕೆಡುಕಾಗಿಲ್ಲವೆಂದರೆ ಅದು ಹೋಲಿಕೆಯೇ ಅಲ್ಲ. ಅಂತಹ ವ್ಯಕ್ತಿಯು ಸಾಮಾನ್ಯರಿಗಿಂತ ಆರೋಗ್ಯವಾಗಿರಬೇಕಾದುದೇ ನ್ಯಾಯ. ಅವನು ಸಾಮಾನ್ಯರಷ್ಟೇ ಆರೋಗ್ಯವಾಗಿದ್ದರೆ, ಎಲ್ಲಿಯೋ ಏನೋ ಸೋರಿಹೋಗಿದೆಯೆಂದು ಶಂಕಿಸಲು ಅವಕಾಶವುಂಟು. ನಾರ್ವೆ ದೇಶದವರು ಮತ್ತು ಅಮೆರಿಕದವರು 2014ರ ಸುಮಾರಿನಲ್ಲಿ ಈ ತಪ್ಪನ್ನು ತಿದ್ದಿ, ದಾನಿಗಳನ್ನು ದಾನಕ್ಕೆ ಅರ್ಹರಾಗಿದ್ದೂ ಕೊಡದಿದ್ದಂತಹ ಆರೋಗ್ಯವಂತರೊಡನೆ ಹೋಲಿಸಿದರು. ಅಮೆರಿಕದ 96,000ಕ್ಕೂ ಹೆಚ್ಚು ದಾನಿಗಳ ಲೆಕ್ಕದಲ್ಲಿ, ದಾನವಾದ ಹದಿನೈದು ವರ್ಷಗಳಲ್ಲಿ ಹತ್ತು ಸಾವಿರ ದಾನಿಗಳಿಗೆ ಸುಮಾರು 31 ಮಂದಿಯ ಮೂತ್ರಪಿಂಡ ಪೂರ್ಣವಾಗಿ ವಿಫಲವಾಗಿತ್ತು. ಅಷ್ಟೇ ಆರೋಗ್ಯವಂತರಾಗಿದ್ದ ಇತರರಲ್ಲಿ ಈ ಸಂಖ್ಯೆ ಸುಮಾರು 4. ಇಡೀ ಜೀವಮಾನಕ್ಕೆ ಅಂದಾಜು ಮಾಡಿದಾಗ, ಹತ್ತು ಸಾವಿರಕ್ಕೆ ದಾನಿಗಳಲ್ಲಿ 90, ಆರೋಗ್ಯವಂತರಾದ ಅದಾನಿಗಳಲ್ಲಿ 14, ಯಾವ ಪರೀಕ್ಷೆಯನ್ನೂ ಮಾಡದೆ ತೆಗೆದುಕೊಂಡ ಸಾಮಾನ್ಯ ಜನರಲ್ಲಿ 326 ಎಂಬ ಲೆಕ್ಕ ಬಂದಿತು.

ಈ ಮೂರು ಸಂಖ್ಯೆಗಳಲ್ಲಿ ಯಾವುದನ್ನಾದರೂ ಒಂದನ್ನು ಬಿಟ್ಟು ಹೇಳಿದರೆ ಸತ್ಯವು ವಿಕಾರಗೊಳ್ಳುತ್ತದೆ. 90ರ ಪಕ್ಕದಲ್ಲಿ 326ನ್ನು ಮಾತ್ರ ಇಟ್ಟು ತೋರಿಸಿದರೆ ದಾನವು ರಕ್ಷೆಯೋ ಎಂಬಂತೆ ಕಾಣುತ್ತದೆ. 14ನ್ನು ಮಾತ್ರ ಪಕ್ಕದಲ್ಲಿಟ್ಟರೆ ಆರುಪಟ್ಟು ಅಪಾಯವೆಂಬ ಭೀತಿ ಹುಟ್ಟುತ್ತದೆ. ಹತ್ತು ಸಾವಿರದಲ್ಲಿ ತೊಂಬತ್ತೆಂದರೆ ನೂರಕ್ಕೆ ಒಂದಕ್ಕೂ ಕಡಮೆ. ಆದರೂ ಅವರಲ್ಲಿ ಬಹುಮಂದಿಗೆ ಆ ವಿಪತ್ತು ಬಂದುದು ದಾನದ ದೆಸೆಯಿಂದಲೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ನಾರ್ವೆಯ ದಾನಿಗಳಲ್ಲಿ ಬಹುಪಾಲು ರೋಗಿಯ ರಕ್ತಸಂಬಂಧಿಗಳೇ ಆಗಿದ್ದುದರಿಂದ, ಅಪಾಯದ ಒಂದು ಪಾಲು ಕುಲಪರಂಪರೆಯಿಂದ ಬಂದಿರಬಹುದೆಂಬ ಎಚ್ಚರಿಕೆಯನ್ನೂ ಮರೆಯಬಾರದು. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ವಯಸ್ಸಿನ ಪ್ರಶ್ನೆ. ಅರವತ್ತರಲ್ಲಿ ಮಗನಿಗೆ ಮೂತ್ರಪಿಂಡವನ್ನು ಕೊಟ್ಟ ತಾಯಿಯ ಮುಂದಿನ ಇಪ್ಪತ್ತು ವರ್ಷಗಳನ್ನು ಈ ಅಧ್ಯಯನಗಳು ಬಹುಮಟ್ಟಿಗೆ ಕಂಡಿವೆ; ಇಪ್ಪತ್ತೈದರಲ್ಲಿ ಅಣ್ಣನಿಗೆ ಕೊಟ್ಟ ತಂಗಿಯ ಮುಂದಿನ ಐವತ್ತು ವರ್ಷಗಳನ್ನು ಅಷ್ಟು ಚೆನ್ನಾಗಿ ಕಂಡಿಲ್ಲ. ಸಕ್ಕರೆಕಾಯಿಲೆಯು ನಡುವಯಸ್ಸಿಗೆ ಮುಂಚೆಯೇ ಮನೆಗೆ ಕಾಲಿಡುವ ನಮ್ಮ ನಾಡಿನಲ್ಲಿ, ಇಪ್ಪತ್ತೈದರಲ್ಲಿ ಶುದ್ಧವಾಗಿ ಬಂದ ಪರೀಕ್ಷಾಪತ್ರವು ಐವತ್ತರ ಶರೀರಕ್ಕೆ ಜಾಮೀನಾಗಲಾರದು.

ಸ್ತ್ರೀಯರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಕೆನಡಾದ ಒಂಟಾರಿಯೋ ಪ್ರಾಂತದ ದಾಖಲೆಗಳಿಂದ 2015ರಲ್ಲಿ ಹೊರಬಿದ್ದ ಒಂದು ಅಧ್ಯಯನದ ಪ್ರಕಾರ, ಮೂತ್ರಪಿಂಡವನ್ನು ಕೊಟ್ಟ ಮೇಲೆ ಗರ್ಭಿಣಿಯರಾದವರಲ್ಲಿ ರಕ್ತದೊತ್ತಡದ ಏರಿಕೆ ಅಥವಾ ಗರ್ಭವಿಷತೆಯ ತೊಂದರೆ ನೂರಕ್ಕೆ 11ರಷ್ಟಿದ್ದು, ಕೊಡದ ಆರೋಗ್ಯವಂತರಲ್ಲಿ 5ರಷ್ಟಿತ್ತು. ತಾಯಿಗೂ ಶಿಶುವಿಗೂ ಪ್ರಾಣಾಪಾಯವಾದುದು ಅಪರೂಪ. ಆದರೆ ಇನ್ನೂ ಮಕ್ಕಳಾಗಬೇಕಾಗಿರುವ ಹೆಣ್ಣುಮಗಳೊಬ್ಬಳು ದಾನಕ್ಕೆ ಮುಂದೆ ಬಂದಾಗ ಈ ಸಂಖ್ಯೆಯನ್ನು ಅವಳಿಗೆ ಅವಳ ಭಾಷೆಯಲ್ಲಿ ಹೇಳದಿರುವುದು ಅಧರ್ಮ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ದೇಶದ ಜೀವಂತ ದಾನಿಗಳಲ್ಲಿ ಐವರಿಗೆ ಮೂವರಿಗಿಂತ ಹೆಚ್ಚು ಮಂದಿ ಸ್ತ್ರೀಯರು. ಅಂಗವನ್ನು ಪಡೆಯುವವರಲ್ಲಿಯಾದರೋ ಪುರುಷರೇ ಬಹುಸಂಖ್ಯಾತರು. ಇದನ್ನು ವಾತ್ಸಲ್ಯವೆಂದು ಕೊಂಡಾಡಿ ಮುಗಿಸುವುದು ಸುಲಭ. ದುಡಿಯುವ ಗಂಡಸಿನ ಆರೋಗ್ಯಕ್ಕೆ ಬೆಲೆ ಕಟ್ಟುವ ಸಂಸಾರವು ಮನೆಯೊಳಗಿನ ದುಡಿಮೆಗೆ ಬೆಲೆ ಕಟ್ಟುವುದಿಲ್ಲವೆಂಬ ಕಠೋರ ಸತ್ಯವೂ ಇದರಲ್ಲಿ ಸೇರಿದೆ. ದಾನಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಸಮಿತಿಯ ಮುಂದೆ ಕುಳಿತ ಸೊಸೆಯೊಬ್ಬಳು "ನನ್ನಿಷ್ಟದಿಂದಲೇ ಕೊಡ್ತಿದೀನಿ" ಎಂದಾಗ, ಆ ಇಷ್ಟದಲ್ಲಿ ಅವಳದೆಷ್ಟು, ಮನೆಯವರದೆಷ್ಟು ಎಂದು ಅಳೆಯುವ ಯಂತ್ರವನ್ನು ಯಾರೂ ಕಂಡುಹಿಡಿದಿಲ್ಲ.

ಜೀವನದ ಗುಣಮಟ್ಟವನ್ನು ಅಳೆಯಲು ವೈದ್ಯಲೋಕದಲ್ಲಿ ಪ್ರಶ್ನಾವಳಿಗಳಿವೆ: ಮೈನೋವೆಷ್ಟು, ಮೆಟ್ಟಿಲು ಹತ್ತಬಲ್ಲಿರಾ, ಬೇಸರ ಎಷ್ಟು ದಿನ ಕಾಡಿತು, ನಾಲ್ವರೊಡನೆ ಬೆರೆಯುತ್ತೀರಾ, ಇತ್ಯಾದಿ. ಇವುಗಳಲ್ಲಿ ದಾನಿಗಳು ಚೆನ್ನಾಗಿಯೇ ಅಂಕ ಗಳಿಸುತ್ತಾರೆ; ಮತ್ತೊಮ್ಮೆ ಅವಕಾಶ ಬಂದರೆ ಮತ್ತೆ ಕೊಡುವಿರಾ ಎಂದು ಕೇಳಿದರೆ ಬಹುಪಾಲು ಜನ ಹೌದೆನ್ನುತ್ತಾರೆ. ಡಯಾಲಿಸಿಸ್ ಯಂತ್ರಕ್ಕೆ ವಾರಕ್ಕೆ ಎರಡು ಮೂರು ಬಾರಿ ಕಟ್ಟುಬಿದ್ದಿದ್ದ ಗಂಡನೋ ಮಗಳೋ ಮತ್ತೆ ಕೆಲಸಕ್ಕೆ, ಶಾಲೆಗೆ ಹೋಗುವುದನ್ನು ಕಂಡವರಿಗೆ ದೊರಕುವ ತೃಪ್ತಿಯು ಪ್ರಶ್ನಾವಳಿಯ ಅಂಕಗಳಿಗಿಂತ ದೊಡ್ಡದು. ಆದರೆ ಕಸಿ ವಿಫಲವಾದಾಗ, ಪಡೆದವರು ತೀರಿಕೊಂಡಾಗ, ದಾನಿಯ ಮನಸ್ಸಿನ ಸ್ಥಿತಿ ಬೇರೆಯಾಗುತ್ತದೆ. ಎಲ್ಲರ ಕಣ್ಣೂ ರೋಗಿಯ ಮೇಲಿದ್ದು, ರೋಗಿಯು ಇಲ್ಲವಾದ ಮೇಲೆ ದಾನಿಯನ್ನು ನೋಡುವವರು ಯಾರೂ ಉಳಿಯುವುದಿಲ್ಲ.

ದಾನದ ಸಂದರ್ಭವೇ ದಾನಿಯ ಆರೋಗ್ಯವನ್ನು ಎಷ್ಟರಮಟ್ಟಿಗೆ ನಿರ್ಣಯಿಸುತ್ತದೆಂಬುದಕ್ಕೆ ಅತ್ಯಂತ ಕಹಿಯಾದ ಸಾಕ್ಷ್ಯವು ದೊರಕುವುದು ನಮ್ಮ ನೆರೆಯ ಚೆನ್ನೈಯಿಂದ. ಹಣಕ್ಕಾಗಿ ಮೂತ್ರಪಿಂಡವನ್ನು ಮಾರಿಕೊಂಡಿದ್ದ 305 ಮಂದಿಯನ್ನು ಸಂದರ್ಶಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರಕ್ಕೆ 96 ಮಂದಿ ಸಾಲ ತೀರಿಸುವುದಕ್ಕಾಗಿ ಮಾರಿದ್ದರು. ಮಾರಿ ವರ್ಷಗಳಾದ ಮೇಲೂ ಅವರಲ್ಲಿ ಮುಕ್ಕಾಲು ಪಾಲು ಸಾಲಗಾರರಾಗಿಯೇ ಉಳಿದಿದ್ದರು. ಕುಟುಂಬದ ವರಮಾನ ಮೂರನೆಯ ಒಂದು ಪಾಲು ಕುಗ್ಗಿತ್ತು. ಆರೋಗ್ಯ ಕೆಟ್ಟಿತೆಂದವರು ನೂರಕ್ಕೆ 86. ಬೇರೆಯವರಿಗೆ ಹೀಗೆ ಮಾಡಿರೆಂದು ಹೇಳಲಾರೆವೆಂದವರು 79. ಮಿನೆಸೋಟದ ದಾನಿಗಳಿಗೂ ಇವರಿಗೂ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಹೇಳುವಂತಹ ಭೇದವಿರಲಿಲ್ಲ; ಕೊಯ್ದುದು ಅದೇ ಅಂಗ. ಭೇದವಿದ್ದುದು ಮೊದಲಿನ ಬಡತನದಲ್ಲಿ, ಆಯ್ಕೆಯ ಅಸಡ್ಡೆಯಲ್ಲಿ, ಆಮೇಲಿನ ಅನಾಥಸ್ಥಿತಿಯಲ್ಲಿ. ಬೆಂಗಳೂರಿನಲ್ಲಿಯೂ 1990ರ ದಶಕದಲ್ಲಿ ಇಂತಹ ವ್ಯಾಪಾರ ಬೆಳಕಿಗೆ ಬಂದಿತೆಂಬುದನ್ನು ನಾವು ನೆರೆಯವರನ್ನು ಟೀಕಿಸುವ ಮುನ್ನ ನೆನೆಯುವುದು ಒಳ್ಳೆಯದು. 1994ರ ಮಾನವ ಅಂಗಾಂಗ ಕಸಿ ಕಾಯಿದೆ ಹುಟ್ಟಿದುದು ಈ ಲಜ್ಜಾಸ್ಪದ ವ್ಯವಹಾರವನ್ನು ತಡೆಯುವುದಕ್ಕಾಗಿಯೇ.

ಯಕೃತ್ತಿನ ದಾನವನ್ನು ಕುರಿತು ಎರಡು ಮಾತು ಸಾಕು. ಕೊಟ್ಟ ಭಾಗವು ಕೆಲವು ತಿಂಗಳೊಳಗೆ ಬಹುಮಟ್ಟಿಗೆ ಮತ್ತೆ ಬೆಳೆಯುವುದೆಂಬುದು ಆ ಅಂಗದ ವೈಶಿಷ್ಟ್ಯ. ಆದರೆ ಅದನ್ನು ಕೊಯ್ದು ತೆಗೆಯುವ ಕಾರ್ಯದ ಅಪಾಯವು ಮೂತ್ರಪಿಂಡದ ದಾನದ ಅಪಾಯಕ್ಕಿಂತ ಅನೇಕಪಟ್ಟು ಹೆಚ್ಚಿನದು. ಮತ್ತೆ ಬೆಳೆಯುತ್ತದೆಂಬ ಮಾತು ಕೇಳಲು ಹಿತವಾದುದರಿಂದ ಎರಡನೆಯ ಮಾತು ಹಲವು ವೇಳೆ ಕಿವಿಗೆ ಬೀಳದೆ ಹೋಗುತ್ತದೆ.

ನಮ್ಮ ಕಾನೂನು ದಾನದ ಬಾಗಿಲಲ್ಲಿ ಬಿಗಿಯಾದ ಕಾವಲನ್ನಿಟ್ಟಿದೆ. ಯಾರು ಸಮೀಪಬಂಧು, ಯಾರಲ್ಲ, ಹಣ ಕೈಬದಲಾಯಿಸಿತೆ, ಒತ್ತಾಯವಿತ್ತೆ ಎಂಬುದನ್ನೆಲ್ಲ ವಿಚಾರಿಸುವ ಸಮಿತಿಗಳಿವೆ. ಸಮೀಪಬಂಧುಗಳ ಪಟ್ಟಿಗೆ 2011ರ ತಿದ್ದುಪಡಿಯು ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಸೇರಿಸಿತು. ದಾನಿಗಳ ಮತ್ತು ಅಂಗವನ್ನು ಪಡೆದವರ ರಾಷ್ಟ್ರೀಯ ನೋಂದಣಿಯನ್ನು ಸರ್ಕಾರವು ಇಡತಕ್ಕದ್ದೆಂದೂ ವಿಧಿಸಿತು. ಕೇಂದ್ರ ಸರ್ಕಾರದ ನೌಕರರು ಅಂಗದಾನ ಮಾಡಿದರೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆಯೆಂದು 2023ರಲ್ಲಿ ಆಜ್ಞೆಯಾಗಿದೆ, ಸಂತೋಷದ ಸಂಗತಿ. ಆದರೆ ದಿನಗೂಲಿಯ ಮೇಲೆ ಬದುಕುವ ದಾನಿಯ 42 ದಿನಗಳ ಗತಿಯೇನೆಂಬ ಪ್ರಶ್ನೆ ಆಜ್ಞೆಯ ಹೊರಗೇ ನಿಂತಿದೆ. ಬಾಗಿಲಲ್ಲಿ ಇಷ್ಟು ಜಾಗರೂಕವಾದ ವ್ಯವಸ್ಥೆಯು, ದಾನಿಯು ಆ ಬಾಗಿಲನ್ನು ದಾಟಿ ಮನೆಗೆ ಹೋದ ಮೇಲೆ ಉದಾಸೀನವಾಗುತ್ತದೆಂಬುದೇ ನನ್ನ ಆಕ್ಷೇಪ. ಹೆಸರನ್ನು ನೋಂದಾಯಿಸುವುದು ಬೇರೆ, ಹೆಸರಿನ ಹಿಂದಿರುವ ಮನುಷ್ಯನನ್ನು ವರ್ಷವರ್ಷವೂ ಕರೆದು ನೋಡುವುದು ಬೇರೆ.

ಇದು ಅಸಾಧ್ಯವೆನ್ನುವವರು ಸ್ವಿಟ್ಸರ್ಲೆಂಡಿನ ಕಡೆ ನೋಡಬಹುದು. ಬಾಸೆಲ್ ನಗರದ ವೈದ್ಯ ಗಿಲ್ಬರ್ಟ್ ಥೀಲ್ ಅವರು 1993ರಲ್ಲಿ ಆರಂಭಿಸಿದ ದಾನಿಗಳ ಆರೋಗ್ಯ ನೋಂದಣಿಯು ಆ ದೇಶದ ದಾನಿಗಳನ್ನು ಜೀವಮಾನವೆಲ್ಲ ನಿಯತಕಾಲಿಕವಾಗಿ ಪರೀಕ್ಷಿಸುತ್ತ ಬಂದಿದೆ. ಅಂತಹ ಪಾಲನೆಯು ಮುಂದೆ ಅಲ್ಲಿನ ಕಾನೂನಿನಲ್ಲಿಯೇ ಸೇರಿತು. ವೆಚ್ಚವನ್ನು ಹೊರತಕ್ಕವರು ಅಂಗವನ್ನು ಪಡೆದವರ ವಿಮೆಯವರು. ಅಮೆರಿಕದಲ್ಲಿ ಎರಡು ವರ್ಷಗಳ ವಿಚಾರಣೆ ಮಾತ್ರ ಕಡ್ಡಾಯ. ಆದರೆ ದಾನಿಗೇ ಮುಂದೆ ಮೂತ್ರಪಿಂಡ ಬೇಕಾದರೆ ಕಾಯುವವರ ಪಟ್ಟಿಯಲ್ಲಿ ಅವನಿಗೆ ಆದ್ಯತೆಯುಂಟು. ಇವು ದುಬಾರಿಯ ಉಪಾಯಗಳೂ ಅಲ್ಲ. ದಾನಿಗೆ ವರ್ಷಕ್ಕೊಮ್ಮೆ ಬೇಕಾದುದು ರಕ್ತದೊತ್ತಡದ ಅಳತೆ, ರಕ್ತದಲ್ಲಿ ಸಕ್ಕರೆ ಮತ್ತು ಮೂತ್ರಪಿಂಡವು ಸೋಸಿ ಹೊರಹಾಕುವ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್. ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬಹುದಾದ ಕೆಲಸ. ಕಸಿಗೆ ವ್ಯಯವಾಗುವ ಲಕ್ಷಗಳ ಮುಂದೆ ಈ ವೆಚ್ಚವು ಗಣನೆಗೇ ಬಾರದು.

ವೈದ್ಯನ ತಿಳಿವಳಿಕೆಯೂ ಇದರೊಡನೆ ಬೆಳೆಯಬೇಕು. ಒಂದೇ ಮೂತ್ರಪಿಂಡವಿರುವವರ ಕ್ರಿಯಾಟಿನಿನ್ ಪ್ರಯೋಗಶಾಲೆಯ ಪಟ್ಟಿಯ ಮೇರೆಗಿಂತ ಸ್ವಲ್ಪ ಮೇಲಿರುವುದು ಸಹಜ. ಅದನ್ನು ನೋಡಿ ದಾನಿಯನ್ನು ರೋಗಿಯೆಂದು ಹೆಸರಿಸಿ ಹೆದರಿಸುವುದೂ ತಪ್ಪು, ದಾನಿಯಲ್ಲವೇ ಎಂದು ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಅಲಕ್ಷಿಸುವುದೂ ತಪ್ಪು. ಹಿಂದಿನ ವರ್ಷದ ಸಂಖ್ಯೆ ಕೈಯಲ್ಲಿದ್ದರೆ ಮಾತ್ರ ಇವೆರಡನ್ನೂ ಬೇರ್ಪಡಿಸಬಹುದು. ಮಂಡಿನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಯು ಎರಡು ಮೂತ್ರಪಿಂಡಗಳ ಯಜಮಾನನಿಗೇ ಒಳ್ಳೆಯದಲ್ಲ, ದಾನಿಗಂತೂ ವರ್ಜ್ಯ. ಇದನ್ನು ಬಿಡುಗಡೆಯ ದಿನ ಚೀಟಿಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ ಸಾಲದು.

ಮರಣಾನಂತರದ ದಾನವು ಬೆಳೆದಷ್ಟೂ ಜೀವಂತರ ಮೇಲಣ ಭಾರ ಇಳಿಯುವುದರಿಂದ, ಅಂತಹ ದಾನವನ್ನು ಏರ್ಪಡಿಸುವ ಕರ್ನಾಟಕದ ಜೀವಸಾರ್ಥಕತೆ ಸಂಸ್ಥೆಯಂತಹವುಗಳ ಕಾರ್ಯವು ದಾನಿಗಳ ಕ್ಷೇಮಕಾರ್ಯವೂ ಹೌದು. ಆದರೆ ಆ ದಿನ ಬರುವವರೆಗೆ, ಈಗಾಗಲೇ ಕೊಟ್ಟು ಕುಳಿತಿರುವ ಸಹಸ್ರಾರು ಮಂದಿ ನಮ್ಮ ಬೀದಿಗಳಲ್ಲಿ, ನಮ್ಮ ಬಂಧುವರ್ಗದಲ್ಲಿ ಇದ್ದಾರೆ. ಸರ್ಕಾರವು ಅವರಿಗೆ ಜೀವಮಾನದ ವಾರ್ಷಿಕ ಪರೀಕ್ಷೆಯನ್ನು ಉಚಿತವಾಗಿ ಒದಗಿಸಲಿ. ಕಸಿ ಮಾಡಿದ ಆಸ್ಪತ್ರೆಗೆ ಅವರನ್ನು ಕರೆಯುವ ಕರ್ತವ್ಯವನ್ನು ವಿಧಿಸಲಿ. ವಿಮೆಯವರು ಒಂದು ಮೂತ್ರಪಿಂಡವೆಂಬ ಕಾರಣವನ್ನು ಮುಂದೊಡ್ಡಿ ಅವರನ್ನು ದೂರವಿಡದಂತೆ ನೋಡಿಕೊಳ್ಳಲಿ. ಸಭಾಸದರಾದ ತಮ್ಮಲ್ಲಿ ನನ್ನ ಬಿನ್ನಹ ಇನ್ನೂ ಚಿಕ್ಕದು. ತಮ್ಮ ಪರಿಚಯದಲ್ಲಿ ಅಂಗದಾನ ಮಾಡಿದವರು ಯಾರಾದರೂ ಇದ್ದರೆ, ಅಂಗವನ್ನು ಪಡೆದವರು ಹೇಗಿದ್ದಾರೆಂದು ಅವರನ್ನು ಕೇಳುವುದಕ್ಕೆ ಮೊದಲು, ಅವರ ರಕ್ತದೊತ್ತಡವನ್ನೂ ಕ್ರಿಯಾಟಿನಿನ್ನನ್ನೂ ಕೊನೆಯ ಬಾರಿ ಪರೀಕ್ಷಿಸಿದುದು ಯಾವಾಗ ಎಂದು ಕೇಳಿರಿ. ವರ್ಷ ಕಳೆದಿದ್ದರೆ ಜೊತೆಯಲ್ಲಿ ಕರೆದುಕೊಂಡು ಹೋಗಿರಿ.